ಮರ್ಯಾದೆ ಎಂದರೆ ಎಲ್ಲೆ

ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನ ದೀಪಾಂಜಲಿ ನಗರ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತರೆ ‘ಮರ್ಯಾದೆ’ ಎಂಬ ಪದ ಕಿವಿಗೆ ಬೀಳದೆ ಇರುವುದಿಲ್ಲ. ಆಟೋದವರು ಬಾಡಿಗೆಯ ಜಗಳದಲ್ಲಿ ‘ಮರ್ಯಾದೆಯಾಗಿ ಮಾತಾಡಿ’ ಎನ್ನುತ್ತಾರೆ. ಕಾಲೇಜಿನ ಹುಡುಗಿ ಫೋನಿನಲ್ಲಿ ‘ಎಲ್ಲರ ಮುಂದೆ ಮರ್ಯಾದೆ ಹೋಯ್ತು ಕಣೇ’ ಎಂದು ಗೆಳತಿಯ ಹತ್ತಿರ ಅಳಲು ತೋಡಿಕೊಳ್ಳುತ್ತಾಳೆ. ಗಾಡಿ ತಾಗಿಸಿದವನ ಮೇಲೆ ಇನ್ನೊಬ್ಬ ‘ಮರ್ಯಾದೆ ಕೊಟ್ಟು ಮರ್ಯಾದೆ ತಗೋ’ ಎಂದು ಕಣ್ಣು ಕೆಂಪಗೆ ಮಾಡುತ್ತಾನೆ. ಒಂದೇ ಪದ. ಮೊದಲ ಕಡೆ ಅದಕ್ಕೆ ಸಭ್ಯತೆ ಎಂಬ ಅರ್ಥ, ಎರಡನೆಯ ಕಡೆ ನಾಲ್ಕು ಜನರ ಬಾಯಲ್ಲಿರುವ ಹೆಸರು, ಮೂರನೆಯ ಕಡೆ ಗೌರವ.

ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ ಈ ಪದದ ಹಳೆಯ ಅರ್ಥ ಗಡಿ, ಎಲ್ಲೆ, ಕಡಲಿನ ದಡ. ನನ್ನ ಎಲ್ಲೆ ಎಲ್ಲಿಯವರೆಗೆ, ಎದುರಿನವರ ಎಲ್ಲೆ ಎಲ್ಲಿಂದ ಶುರು ಎಂಬ ತಿಳಿವಳಿಕೆಗೆ ಹಿರಿಯರು ಮರ್ಯಾದೆ ಎಂದರು. ಆ ಅರ್ಥ ಮರೆತ ಮೇಲೆ ಅನೇಕ ತಪ್ಪು ಕಲ್ಪನೆಗಳು ನಮ್ಮೊಳಗೆ ಮನೆ ಮಾಡಿವೆ. ನಮ್ಮ ಬಡಾವಣೆಯಲ್ಲಿ ದಿನವೂ ಕಾಣುವ ಕೆಲವನ್ನು ಇಲ್ಲಿ ಹೇಳುತ್ತೇನೆ.

ತಪ್ಪು ಕಲ್ಪನೆ: ಬಟ್ಟೆ ನೋಡಿದರೆ ಮರ್ಯಾದಸ್ಥರು ಯಾರೆಂದು ಗೊತ್ತಾಗುತ್ತದೆ

ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೋ ಮಾರ್ಗ 2015ರ ನವೆಂಬರ್‌ನಲ್ಲಿ ಶುರುವಾದಾಗ ದೀಪಾಂಜಲಿ ನಗರಕ್ಕೂ ನಿಲ್ದಾಣ ಬಂತು. ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರದಲ್ಲೇ ಇರುವುದರಿಂದ ಮಂಡ್ಯ, ಮೈಸೂರು ಕಡೆಯಿಂದ ಬಸ್ಸಿನಲ್ಲಿ ಬಂದಿಳಿದ ಎಷ್ಟೋ ಜನ ಇಲ್ಲಿ ಮೆಟ್ರೋ ಹತ್ತುತ್ತಾರೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಗೋಣಿಚೀಲ, ಚೀಲದೊಳಗೆ ಮಗಳ ಮನೆಗೆಂದು ತಂದ ತೆಂಗಿನಕಾಯಿ. ಪಕ್ಕದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಸಾಫ್ಟ್‌ವೇರ್ ಹುಡುಗರು. ಇಬ್ಬರ ಟಿಕೆಟ್ಟಿಗೂ ಬೆಲೆ ಒಂದೇ.

ಆದರೂ 2024ರ ಫೆಬ್ರವರಿಯಲ್ಲಿ, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ರಾಜಾಜಿನಗರ ನಿಲ್ದಾಣದಲ್ಲಿ, ಕೈಯಲ್ಲಿ ಟಿಕೆಟ್ ಇದ್ದ ರೈತರೊಬ್ಬರನ್ನು ಬಟ್ಟೆ ಸರಿಯಿಲ್ಲವೆಂದು ಭದ್ರತಾ ಸಿಬ್ಬಂದಿ ತಡೆದರು. ಅಲ್ಲಿದ್ದ ಸಹಪ್ರಯಾಣಿಕರು ನೋಡಿಕೊಂಡು ಮುಂದೆ ಹೋಗಲಿಲ್ಲ. ಇವರನ್ನು ಬಿಡಬಾರದೆಂದು ಯಾವ ನಿಯಮದಲ್ಲಿದೆ, ತೋರಿಸಿ ಎಂದು ನಿಂತು ಕೇಳಿದರು. ವಿಡಿಯೋ ಊರೆಲ್ಲ ಹಬ್ಬಿತು. ಮೆಟ್ರೋ ನಿಗಮ ವಿಷಾದ ಸೂಚಿಸಿ, ಆ ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಿತು.

ಇದಾಗಿ ಐದೇ ತಿಂಗಳಿಗೆ, ಜುಲೈನಲ್ಲಿ, ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಅದೇ ಕತೆ. ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಜಿಲ್ಲೆಯ ಹಿರಿಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ನಿಲ್ಲಿಸಿದರು. ಮಾತು ವಿಧಾನಸಭೆಗೂ ಹೋಗಿ, ಮಾಲನ್ನು 7 ದಿನ ಮುಚ್ಚಿಸಲಾಯಿತು. ಮಾಲ್‌ನವರು ಕ್ಷಮೆ ಕೇಳಿ ಆ ರೈತರನ್ನು ಸನ್ಮಾನಿಸಿದರು. ಪಂಚೆ ಉಟ್ಟೇ ಎಚ್.ಡಿ. ದೇವೇಗೌಡರು 1996ರಲ್ಲಿ ಈ ದೇಶದ ಪ್ರಧಾನಿಯಾದರು. ವಿಧಾನಸೌಧದ ಮೆಟ್ಟಿಲನ್ನು ಮುಖ್ಯಮಂತ್ರಿಗಳೇ ಪಂಚೆಯಲ್ಲಿ ಹತ್ತಿದ್ದಾರೆ. ಅಲ್ಲಿ ಸಲ್ಲುವ ಉಡುಪು ಒಂದು ಮಾಲ್‌ನ ಬಾಗಿಲಲ್ಲಿ ಸಲ್ಲದೇ ಹೋಯಿತು.

ಮೈಕೈ ತೊಳೆದು ಶುಚಿಯಾಗಿರುವುದು ಒಳ್ಳೆಯ ನಡತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡಿದು ಬಂದವರ ಮೈಮೇಲಿನ ಮಣ್ಣು ಕೊಳಕುತನ ಎಂದುಕೊಳ್ಳುವುದು ನಮ್ಮ ಕಣ್ಣಿನ ದೋಷ. ರಾಜಾಜಿನಗರದ ಆ ಪ್ರಯಾಣಿಕರ ವರ್ತನೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅವರು ಯಾರ ಮೇಲೂ ಕೈ ಮಾಡಲಿಲ್ಲ, ನಿಯಮ ಕೇಳಿದರು ಅಷ್ಟೇ. ಇನ್ನೊಬ್ಬರ ಸ್ವಾಭಿಮಾನಕ್ಕಾಗಿ ತಮ್ಮ ರೈಲು ತಪ್ಪಿಸಿಕೊಳ್ಳಲು ತಯಾರಿದ್ದರು.

ತಪ್ಪು ಕಲ್ಪನೆ: ‘ನೀನು’ ಎಂದರೆ ಅವಮಾನ, ‘ನೀವು’ ಎಂದರೆ ಗೌರವ

ಅರ್ಧ ಸತ್ಯ ಇದು. ನಾವು ದೇವರನ್ನು ಏಕವಚನದಲ್ಲೇ ಬೇಡುತ್ತೇವೆ. ಎಷ್ಟೋ ಮನೆಗಳಲ್ಲಿ ‘ಅಮ್ಮ ಎಲ್ಲಿದ್ದೀಯ’ ಎನ್ನುವುದೇ ಪ್ರೀತಿ. ‘ಎಲ್ಲಿದ್ದೀರಿ’ ಎಂದರೆ ಅಮ್ಮನಿಗೇ ಗಾಬರಿಯಾದೀತು. ಬ್ಯಾಂಕಿನ ಕೌಂಟರಿನಲ್ಲಿ ಬಹುವಚನದಲ್ಲೇ ಚುಚ್ಚಿ ಮಾತನಾಡುವವರನ್ನೂ ನೋಡಿದ್ದೇವೆ. ಹಾಗಾಗಿ ಏಕವಚನದಲ್ಲೇ ವಿಷವಿಲ್ಲ.

ನೋಯಿಸುವುದು ಒಮ್ಮುಖ ಏಕವಚನ. ನಮ್ಮ ಮಾತನ್ನೇ ಗಮನಿಸೋಣ. ‘ಡಾಕ್ಟರ್ ಬಂದರು’ ಎನ್ನುವ ಬಾಯಿ ‘ಡ್ರೈವರ್ ಬಂದ’ ಎನ್ನುತ್ತದೆ. ‘ಟೀಚರ್ ಹೇಳಿದರು’, ಆದರೆ ‘ಕೆಲಸದವಳು ಹೇಳಿದಳು’. ‘ಮ್ಯಾನೇಜರ್ ಸಾಹೇಬರು’ ಒಳಗಿದ್ದಾರೆ, ‘ವಾಚ್‌ಮನ್’ ಹೊರಗಿದ್ದಾನೆ. ಕನ್ನಡದ ಕ್ರಿಯಾಪದದ ಬಾಲದಲ್ಲಿ ಗೌರವ ಕೂತಿರುತ್ತದೆ. ಅದನ್ನು ನಾವು ವಯಸ್ಸು ನೋಡಿ ಕೊಡದೆ ಸಂಬಳ ನೋಡಿ ಕೊಡುತ್ತಿದ್ದೇವೆ. ಇಪ್ಪತ್ತೆರಡರ ಹುಡುಗ ಅರವತ್ತರ ಆಟೋ ಚಾಲಕರಿಗೆ ‘ಬರ್ತೀಯಾ ಅತ್ತಿಗುಪ್ಪೆಗೆ?’ ಎನ್ನುವಾಗ ಅವರು ‘ಕೂತ್ಕೊಳ್ಳಿ ಸಾರ್’ ಎನ್ನಬೇಕಾಗುತ್ತದೆ. ಅಲ್ಲಿ ಎಲ್ಲೆ ದಾಟಿದ್ದು ಯಾರು? ನಾನು ಬಳಸುವ ಅಳತೆಗೋಲು ಸರಳ: ನಾನು ಕರೆದ ರೀತಿಯಲ್ಲೇ ಅವರು ನನ್ನನ್ನು ಕರೆದರೆ ನನಗೆ ಸಿಟ್ಟು ಬರುತ್ತದೆಯೇ? ಬರುವುದಾದರೆ ನನ್ನದು ಸಲಿಗೆಯಲ್ಲ, ದರ್ಪ. ತೀರ ಚಿಕ್ಕವರನ್ನು ಹಿರಿಯರು ‘ಬಾ’ ಎನ್ನುವುದು ಮಾತ್ರ ಬೇರೆ ಲೆಕ್ಕ.

ಇದರ ಜೊತೆಗೇ ಬರುವ ಇನ್ನೊಂದು ನಂಬಿಕೆ, ಕನ್ನಡದಲ್ಲಿ ಪ್ಲೀಸ್, ಥ್ಯಾಂಕ್ಸ್‌ಗೆ ದಿನಬಳಕೆಯ ಪದವಿಲ್ಲ, ಆದ್ದರಿಂದ ಕನ್ನಡಿಗರಿಗೆ ನಯ ಕಡಿಮೆ ಎಂಬುದು. ‘ಸ್ವಲ್ಪ ಜರುಗ್ತೀರಾ?’ ಎಂಬ ಪ್ರಶ್ನೆಯಲ್ಲಿ ಪ್ಲೀಸ್ ಅಡಗಿದೆ. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುತ್ತೇವೆ. ಧಾರವಾಡದ ಕಡೆಯವರ ‘ರೀ’ ಒಂದೇ ಅಕ್ಷರದಲ್ಲಿ ಇಡೀ ವಾಕ್ಯವನ್ನು ಬಗ್ಗಿಸಿ ನಮಸ್ಕಾರ ಮಾಡಿಸುತ್ತದೆ. ‘ಊಟ ಆಯ್ತಾ?’ ಎಂದು ಅಪರಿಚಿತರನ್ನೂ ಕೇಳುವ ಭಾಷೆಗೆ ನಯ ಹೇಳಿಕೊಡಬೇಕಾಗಿಲ್ಲ. ಬಳಸಿದರೆ ಸಾಕು.

ತಪ್ಪು ಕಲ್ಪನೆ: ವ್ಯಕ್ತಿತ್ವ ವಿಕಸನ ಎಂದರೆ ಇಂಗ್ಲಿಷ್ ಮಾತನಾಡುವುದು

ನಮ್ಮ ಪಕ್ಕದ ವಿಜಯನಗರ, ಚಂದ್ರಾ ಲೇಔಟ್ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಹೆಸರಾದ ಜಾಗ. ವಿಜಯಪುರ, ರಾಯಚೂರು, ಕಲಬುರಗಿಯಿಂದ ಬಂದ ಮಕ್ಕಳು ಪಿಜಿಗಳಲ್ಲಿ ಇದ್ದು ಓದುತ್ತಾರೆ. ಅವರಲ್ಲಿ ಎಷ್ಟೋ ಜನ ಮೊದಲ ತಿಂಗಳಲ್ಲೇ ತಮ್ಮ ಮಾತಿನ ಬಗ್ಗೆ ನಾಚಿಕೊಳ್ಳಲು ಕಲಿಯುತ್ತಾರೆ, ಬಾಯಿಗೆ ಬಂದ ‘ಹೌದ್ರಿ’ಯನ್ನು ನುಂಗುತ್ತಾರೆ. ಅವರಿಗೆ ಹೇಳಬೇಕಾದ ಸತ್ಯ ಇದು: ಕೇಂದ್ರ ಲೋಕಸೇವಾ ಆಯೋಗದ ಸಂದರ್ಶನಕ್ಕೆ ಅಧಿಕೃತವಾಗಿ ಇರುವ ಹೆಸರೇ ವ್ಯಕ್ತಿತ್ವ ಪರೀಕ್ಷೆ. ಒಟ್ಟು 2025 ಅಂಕಗಳಲ್ಲಿ ಅದಕ್ಕೆ 275. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಆ ವ್ಯಕ್ತಿತ್ವ ಪರೀಕ್ಷೆಯನ್ನೂ ಕನ್ನಡದಲ್ಲೇ ಎದುರಿಸಬಹುದು. ದೇಶದ ಅತಿ ಕಠಿಣ ಪರೀಕ್ಷೆಯೊಂದು ವ್ಯಕ್ತಿತ್ವಕ್ಕೂ ಇಂಗ್ಲಿಷಿಗೂ ಗಂಟು ಹಾಕಿಲ್ಲ. ಇಂಗ್ಲಿಷ್ ಕಲಿಯಿರಿ, ಅದು ಉಪಯೋಗಕ್ಕೆ ಬರುವ ವಿದ್ಯೆ. ನಿಮ್ಮ ಮಾತನ್ನು ಬಿಟ್ಟುಕೊಟ್ಟು ಕಲಿಯಬೇಡಿ.

ತಪ್ಪು ಕಲ್ಪನೆ: ಉಚಿತವಾಗಿ ಪ್ರಯಾಣಿಸುವವರು ದನಿ ಎತ್ತಬಾರದು

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ‘ಶಕ್ತಿ’ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ಕೇಳಿಬರುವ ಮಾತು: ‘ಬಿಟ್ಟಿ ಪ್ರಯಾಣ, ಸೀಟೂ ಬೇಕಾ?’ ಮನೆಗೆಲಸ ಮುಗಿಸಿ, ಗಾರ್ಮೆಂಟ್ಸ್ ಪಾಳಿ ಮುಗಿಸಿ ನಿಂತ ಹೆಂಗಸರು ಇದನ್ನು ಕೇಳಿ ತಲೆ ತಗ್ಗಿಸುತ್ತಾರೆ. ತಗ್ಗಿಸುವ ಅಗತ್ಯವೇ ಇಲ್ಲ. ಅವರ ಕೈಯಲ್ಲಿರುವ ಶೂನ್ಯ ಟಿಕೆಟ್ ಕೂಡ ಟಿಕೆಟ್ಟೇ. ಆ ಟಿಕೆಟ್‌ಗಳ ಲೆಕ್ಕ ಹಿಡಿದು ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. 2025ರ ಜುಲೈ ವೇಳೆಗೆ ಇಂತಹ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಆ ಹಣ ತೆರಿಗೆಯಿಂದ ಬರುತ್ತದೆ. ಸೋಪು ಕೊಂಡರೂ ಚಪ್ಪಲಿ ಕೊಂಡರೂ ಆ ಹೆಂಗಸರೂ ತೆರಿಗೆ ಕಟ್ಟುತ್ತಾರೆ. ಯೋಜನೆ ಸರಿಯೋ ತಪ್ಪೋ ಎಂದು ಚರ್ಚಿಸುವ ಹಕ್ಕು ಎಲ್ಲರಿಗೂ ಇದೆ. ಬಸ್ಸಿನಲ್ಲಿ ನಿಂತ ಹೆಣ್ಣಿನ ಮೇಲೆ ಆ ಚರ್ಚೆಯನ್ನು ಎಸೆಯುವ ಹಕ್ಕು ಯಾರಿಗೂ ಇಲ್ಲ.

ತಪ್ಪು ಕಲ್ಪನೆ: ‘ಆಗಲ್ಲ’ ಎಂದರೆ ಒರಟುತನ, ‘ತಪ್ಪಾಯ್ತು’ ಎಂದರೆ ಸೋಲು

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಈ ಊರಿನ ಜೀವವನ್ನು ಉಳಿಸಿದ ಮಾತು, ನಿಜ. ಮೂರು ಜನರ ಸೀಟಿನಲ್ಲಿ ನಾಲ್ವರು ಕೂರಲು ಅದು ಬೇಕು. ಆದರೆ ದಿನವೂ ನಿಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸುವವರು, ಬಾಗಿಲು ತಟ್ಟದೆ ಒಳಗೆ ಬರುವವರು, ‘ಸಂಬಳ ಎಷ್ಟು, ಮಕ್ಕಳು ಯಾವಾಗ’ ಎಂದು ಮದುವೆಮನೆಯಲ್ಲಿ ಜೋರಾಗಿ ಕೇಳುವವರು ಎಲ್ಲರೂ ಅದೇ ಮಾತಿನ ನೆರಳಲ್ಲಿ ಬದುಕುತ್ತಾರೆ. ‘ಬೇಜಾರ್ ಮಾಡ್ಕೋಬೇಡಿ, ಈ ಸಲ ಆಗಲ್ಲ’ ಎನ್ನುವುದಕ್ಕೆ ಕನ್ನಡದಲ್ಲಿ ಚೆನ್ನಾದ ದಾರಿಯಿದೆ. ಆಗಲ್ಲ ಎಂದು ಹೇಳಲಾರದೆ ಒಪ್ಪಿಕೊಂಡು, ಆಮೇಲೆ ಫೋನ್ ಎತ್ತದೆ ತಪ್ಪಿಸಿಕೊಳ್ಳುವುದೇ ನಿಜವಾದ ಒರಟುತನ.

ಒಂದು ಸಂಜೆ ಮೈಸೂರು ರಸ್ತೆಯಲ್ಲಿ ಗಾಡಿಗಳು ಅಲುಗಾಡದೆ ನಿಂತಾಗ ನಾನು ಸ್ಕೂಟರನ್ನು ಫುಟ್‌ಪಾತಿಗೆ ಹತ್ತಿಸಿದೆ. ಎದುರಿಗೆ ಸೊಪ್ಪಿನ ಚೀಲ ಹಿಡಿದ ವಯಸ್ಸಾದ ಹೆಂಗಸು. ಹಾರ್ನ್ ಹೊಡೆದೆ. ಅವರು ಸರಿಯಲಿಲ್ಲ. ಬೈಯಲೂ ಇಲ್ಲ. ‘ಇದು ನಡ್ಯೋ ಜಾಗ ಅಲ್ವೇನಪ್ಪಾ?’ ಎಂದರು, ಅಷ್ಟೇ ಮೆಲ್ಲಗೆ. ‘ತಪ್ಪಾಯ್ತು ಅಮ್ಮ’ ಎಂದು ಗಾಡಿ ಇಳಿಸಿದೆ. ‘ಹೋಗ್ಲಿ ಬಿಡಪ್ಪಾ, ನಿಧಾನಕ್ಕೆ ಹೋಗು’ ಎಂದರು. ತಪ್ಪು ಒಪ್ಪಿಕೊಂಡದ್ದರಿಂದ ನನ್ನದೇನೂ ಕಡಿಮೆಯಾಗಲಿಲ್ಲ. ಅಂದಿನಿಂದ ಫುಟ್‌ಪಾತ್ ಹತ್ತಿಲ್ಲ. ಸ್ವಾಭಿಮಾನ ಮತ್ತು ಸಭ್ಯತೆ ಎರಡೂ ಒಂದೇ ವಾಕ್ಯದಲ್ಲಿ ಇರಬಹುದೆಂದು ನಾನು ಕಲಿತದ್ದು ಆ ಅಮ್ಮನಿಂದ.

ತಪ್ಪು ಕಲ್ಪನೆ: ಮದುವೆ ಜೋರಾಗಿ ಮಾಡದಿದ್ದರೆ ಮರ್ಯಾದೆ ಹೋಗುತ್ತದೆ

ಇದಕ್ಕೆ ಹೆಚ್ಚು ಮಾತು ಬೇಡ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ, ರಾಷ್ಟ್ರಕವಿ ಎನಿಸಿಕೊಂಡ ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ಪದ್ಧತಿಯಲ್ಲಿ, ಅತಿ ಸರಳವಾಗಿ ಮಾಡಿಸಿದರು. ಅವರ ಮರ್ಯಾದೆ ಹೋಗಲಿಲ್ಲ. ಛತ್ರದ ಬಾಡಿಗೆಗೆ, ಹೂವಿನ ಮಂಟಪಕ್ಕೆ ಸಾಲ ಮಾಡಿ ಹತ್ತು ವರ್ಷ ಕಂತು ಕಟ್ಟುವ ತಂದೆಯ ನಿದ್ದೆಯಂತೂ ಹೋಗಿದೆ.

ತಪ್ಪು ಕಲ್ಪನೆ: ಕೆಲವು ಕೆಲಸ ಕೀಳು

ಬೇರೆಲ್ಲ ತಪ್ಪು ಕಲ್ಪನೆಗಳಿಗೂ ಬೇರು ಇದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ನಿಷೇಧಿಸಿದವರು ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ. ಹಳೆಯ ಬೈಗುಳದಂತಹ ಹೆಸರುಗಳ ಜಾಗಕ್ಕೆ ‘ಪೌರಕಾರ್ಮಿಕ’ ಎಂಬ ಗೌರವದ ಪದ ಬಂತು. ಈಗ ಪ್ರತಿ ಸೆಪ್ಟೆಂಬರ್ 23 ರಾಜ್ಯದಲ್ಲಿ ಪೌರಕಾರ್ಮಿಕರ ದಿನ. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಪತ್ರ ಸಿಕ್ಕಿತು. ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಸ್ವಾಭಿಮಾನ ಯಾರದ್ದೆಂದು ಕೇಳಿದರೆ ನಾನು ಮೊದಲು ಅವರನ್ನು ತೋರಿಸುತ್ತೇನೆ.

ಕನ್ನಡಕ್ಕೆ ಇದು ಹೊಸ ವಿಷಯವೂ ಅಲ್ಲ. 12ನೇ ಶತಮಾನದ ಶರಣರು ತಮ್ಮ ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಂಡರು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಕಸುಬಿನ ಹೆಸರಿನೊಂದಿಗೇ ‘ಅಯ್ಯ’ ಎಂಬ ಗೌರವ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಹಿಂದಕ್ಕೆ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಕಳಿಸಿದ ಕತೆ ನಮ್ಮ ಮಕ್ಕಳಿಗೂ ಗೊತ್ತು. ತನ್ನ ಎಲ್ಲೆ ತಿಳಿದ ಬಡವಿ ಆಕೆ.

ಇಷ್ಟೆಲ್ಲ ಇದ್ದೂ, ನಮ್ಮ ಎಷ್ಟೋ ಅಡುಗೆಮನೆಗಳ ಮೂಲೆಯಲ್ಲಿ ಒಂದು ಲೋಟ ಬೇರೆಯಾಗಿ ಕವುಚಿಟ್ಟಿರುತ್ತದೆ. ಕೆಲಸಕ್ಕೆ ಬರುವವರಿಗೆ, ಕಸ ಒಯ್ಯುವವರಿಗೆ, ಚರಂಡಿ ನೋಡಲು ಬಂದವರಿಗೆ ಅದರಲ್ಲಿ ನೀರು. ಅಸ್ಪೃಶ್ಯತೆ ಯಾವ ರೂಪದಲ್ಲಿದ್ದರೂ ನಿಷಿದ್ಧ ಎಂದು ಸಂವಿಧಾನದ 17ನೇ ವಿಧಿ ಹೇಳಿದೆ. ಶುಚಿಯ ನೆಪದಲ್ಲಿ ಉಳಿದ ಆ ಲೋಟಕ್ಕೂ ಅದು ಅನ್ವಯಿಸುತ್ತದೆಂದು ನಾನು ನಂಬುತ್ತೇನೆ.

ನಾಳೆ ಬೆಳಿಗ್ಗೆ ಕಸದ ಆಟೋ ನಿಮ್ಮ ಬೀದಿಗೆ ಬಂದಾಗ, ಬರುವ ಅಕ್ಕನ ಹೆಸರು ಕೇಳಿ. ಬಿಸಿಲು ಜೋರಾಗಿದ್ದರೆ ನೀರು ಬೇಕಾ ಎಂದು ವಿಚಾರಿಸಿ. ಮನೆಯವರು ಕುಡಿಯುವ ಲೋಟದಲ್ಲೇ ಕೊಡಿ, ವಾಪಸ್ ಕೊಟ್ಟಾಗ ಕೈಯಲ್ಲೇ ತೆಗೆದುಕೊಳ್ಳಿ.