ತಳಪಾಯಕ್ಕೆ ಮುನ್ನ ಮಣ್ಣಿನ ಪರೀಕ್ಷೆ

ಮಾಲೂರಿನ ಜೇಡಿಮಣ್ಣು ಹೆಂಚು, ಇಟ್ಟಿಗೆಗಳಿಗೆ ಹೆಸರಾದುದು. ಆದರೆ ಹೆಂಚಿಗೆ ಒಪ್ಪುವ ಮಣ್ಣು ಕಾರ್ಖಾನೆಯ ತಳಪಾಯಕ್ಕೂ ಒಪ್ಪಬೇಕೆಂದಿಲ್ಲ. ಕೆಲವು ವರ್ಷಗಳ ಹಿಂದೆ, ನನ್ನಲ್ಲಿ ಲೆಕ್ಕಪತ್ರ ಪರಿಶೀಲನೆ ಮಾಡಿಸುವ ಉದ್ಯಮಿಯೊಬ್ಬರು ಪಕ್ಕದ ನಿವೇಶನದ ಮಣ್ಣಿನ ವರದಿಯನ್ನೇ ನೆಚ್ಚಿ ಗೋದಾಮು ಕಟ್ಟಿಸಿದರು. ತಮ್ಮ ನಿವೇಶನದ ಒಂದು ಮೂಲೆ ಹಿಂದೆ ಮುಚ್ಚಿದ ಕುಂಟೆಯೆಂಬುದು ಗೋಡೆ ಬಿರುಕುಬಿಟ್ಟ ಮೇಲೆ ತಿಳಿಯಿತು. ಶುಲ್ಕ ಉಳಿಯಿತೆಂದು ಮೆಚ್ಚಿದವರಲ್ಲಿ ನಾನೂ ಒಬ್ಬ.

ಕ್ರಮಬದ್ಧ ಪರೀಕ್ಷೆಯಲ್ಲಿ, ಕೊರೆದ ರಂಧ್ರದೊಳಗಿನ ಕೊಳವೆಯ ಮೇಲೆ 63.5 ಕಿಲೋ ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಪೆಟ್ಟುಗಳನ್ನು ಎಣಿಸುತ್ತಾರೆ. ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಇಳಿಯಲು ಬಿದ್ದ ಪೆಟ್ಟುಗಳೇ ಲೆಕ್ಕ. ತೇವ ಆರದಂತೆ ಮುಚ್ಚಿ ತಂದ ಮಾದರಿಗಳ ತೇವಾಂಶ, ಕಣಗಳ ಗಾತ್ರ, ಹೊರೆಗೆ ಕುಗ್ಗುವ ಪ್ರಮಾಣ ಇತ್ಯಾದಿಗಳನ್ನು ಪ್ರಯೋಗಾಲಯವು ಐ.ಎಸ್. 2720ರ ಪ್ರಕಾರ ಅಳೆಯುತ್ತದೆ. ರಂಧ್ರಗಳ ಸ್ಥಳವನ್ನು ಎಂಜಿನಿಯರರು ಗೊತ್ತುಪಡಿಸುವರು. ಕುಂಟೆ ಎಲ್ಲಿತ್ತೆಂಬುದನ್ನು ಮಾತ್ರ ಊರಿನ ಹಿರಿಯರನ್ನೇ ಕೇಳಬೇಕು.

ಈ ಶುಲ್ಕವನ್ನು ವರ್ಷದ ಖರ್ಚಿಗೆ ಬರೆಯದೆ ಕಟ್ಟಡದ ಮೂಲವೆಚ್ಚಕ್ಕೆ ಸೇರಿಸತಕ್ಕದ್ದು. ಸ್ವಂತಕ್ಕೆ ಕಟ್ಟಿಸುವ ಕಟ್ಟಡಕ್ಕೆ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ ದೊರೆಯದು. ಯಂತ್ರದ ತಳಪಾಯಕ್ಕೆ ಈ ನಿರ್ಬಂಧವಿಲ್ಲವಾದ್ದರಿಂದ, ಎರಡಕ್ಕೂ ಪ್ರತ್ಯೇಕ ಬಿಲ್ಲುಗಳನ್ನು ಕೇಳಿ ಪಡೆಯುವುದು ಲೇಸು.