ಬೆಸೆಯದ ಕಮಾನು, ಎತ್ತುವ ಭಾರ

ಸೊಂಟದ ಕ್ಷ-ಕಿರಣ ಚಿತ್ರದಲ್ಲಿ ಬೆನ್ನೆಲುಬಿನ ಮಣಿಯೊಂದು ಹಿಂಬದಿಯಲ್ಲಿ ಕೂಡಿಕೊಂಡಿಲ್ಲವೆಂದು ತಿಳಿದೊಡನೆ, ಭಾರ ಎತ್ತುವ ಅಭ್ಯಾಸದಲ್ಲಿರುವ ತರುಣನು ಎದೆಗುಂದುವುದು ಸಹಜ. ಇಷ್ಟೊಂದು ಭಯಕ್ಕೆ ಕಾರಣವುಂಟೆ?

ಬೆನ್ನುಹುರಿಯನ್ನು ಹಿಂದಿನಿಂದ ಕಾಯುವ ಎಲುಬಿನ ಕಮಾನು ಎಡಬಲಗಳ ಎರಡು ಅರೆಗಳಾಗಿ ಬೆಳೆದು, ಬಾಲ್ಯದಲ್ಲಿ ಒಂದಾಗಿ ಬೆಸೆಯುತ್ತದೆ. ಕೆಲವರಲ್ಲಿ ಸೊಂಟದ ಐದನೆಯ ಮಣಿಯಲ್ಲಾಗಲಿ ಅದರ ಕೆಳಗಿನ ತ್ರಿಕಾಸ್ಥಿಯಲ್ಲಾಗಲಿ ಈ ಬೆಸುಗೆ ಪೂರ್ಣಗೊಳ್ಳದೆ ಸಣ್ಣ ಸೀಳೊಂದು ಉಳಿಯುತ್ತದೆ. ವೈದ್ಯರು ಇದನ್ನು ‘ಸ್ಪೈನಾ ಬೈಫಿಡಾ ಅಕಲ್ಟಾ’ ಎನ್ನುತ್ತಾರೆ. ಮರೆಯಾಗಿರುವ ಸೀಳು ಎಂದು ಅರ್ಥ. ನೂರು ಮಂದಿಯಲ್ಲಿ ಸುಮಾರು 10ರಿಂದ 20 ಮಂದಿಗೆ ಇದು ಇರುವುದುಂಟು. ಅವರಲ್ಲಿ ಬಹುಮಂದಿಗೆ ಜೀವಮಾನವಿಡೀ ಅದರ ಅರಿವೇ ಆಗದು. ಭಾರದ ಬಹುಪಾಲನ್ನು ಹೊರುವುದು ಮಣಿಯ ಮುಂಭಾಗದ ದಪ್ಪ ದಿಂಡು. ಅದಕ್ಕೆ ಈ ಸೀಳಿನಿಂದ ಊನವಿಲ್ಲ. ಆದರೆ ಸೀಳಿನ ಮೇಲಣ ಚರ್ಮದಲ್ಲಿ ಕೂದಲಿನ ಗೊಂಚಲೋ ಆಳವಾದ ಕುಳಿಯೋ ಕಂಡರೆ, ಬೆನ್ನುಹುರಿಯನ್ನೂ ಪರೀಕ್ಷಿಸದೆ ಭಾರಕ್ಕೆ ಕೈ ಹಾಕಕೂಡದು.

ಇಂಥವರು ಹೆಚ್ಚಾಗಿ ಎಚ್ಚರ ವಹಿಸಬೇಕಾದುದು ಇನ್ನೊಂದು ಬಿರುಕಿನ ಬಗ್ಗೆ. ಬೆಳೆಯುವ ವಯಸ್ಸಿನಲ್ಲಿ ಬೆನ್ನನ್ನು ಮತ್ತೆ ಮತ್ತೆ ಹಿಂದಕ್ಕೆ ಬಾಗಿಸಿದರೆ, ಕಮಾನಿನ ಪಕ್ಕದ ಕಿರಿದಾದ ಎಲುಬು ದಣಿದು ಬಿರಿಯುವ ಸಂಭವವುಂಟು. ಹುಟ್ಟಿನಿಂದ ಬಂದ ಸೀಳುಳ್ಳವರಲ್ಲಿ ಇದು ತುಸು ಹೆಚ್ಚಾಗಿ ಕಂಡುಬರುತ್ತದೆ. ಆದುದರಿಂದ ಭಾರವನ್ನು ತಲೆಯ ಮೇಲೆತ್ತುವಾಗ ಸೊಂಟವನ್ನು ಹಿಂದಕ್ಕೆ ಬಾಗಿಸುವ ಚಾಳಿಯನ್ನು ಮೊದಲು ಬಿಡಬೇಕು. ಒಲಿಂಪಿಕ್ ಸ್ಪರ್ಧೆಗಳಲ್ಲಿ ‘ಪ್ರೆಸ್’ ಎಂಬ ಎತ್ತುವಿಕೆಯಲ್ಲಿ ಈ ಬಾಗುವಿಕೆ ಮಿತಿಮೀರಿತು. ತೀರ್ಪು ನೀಡುವುದೇ ಕಷ್ಟವಾಗಿ, 1972ರ ಮ್ಯೂನಿಕ್ ಕೂಟದ ಬಳಿಕ ಅದನ್ನು ಕೈಬಿಡಲಾಯಿತು.

ನೆಲದಿಂದ ಎತ್ತುವಾಗ ಕೆಲಸಮಾಡುವುದು ಸನ್ನೆಯ ನಿಯಮ. ಬೆನ್ನಿನ ಸ್ನಾಯುಗಳು ಮಣಿಗಳ ನಡುವಣ ಮೆತ್ತೆಯಿಂದ ಸುಮಾರು 5 ಸೆಂಟಿಮೀಟರು ಹಿಂದೆ ನಿಂತು ಎಳೆಯುತ್ತವೆ ಎನ್ನೋಣ. 20 ಕಿಲೋಗ್ರಾಂ ಭಾರ 40 ಸೆಂಟಿಮೀಟರು ಮುಂದೆ ಇದ್ದರೆ, ಅದನ್ನು ಸರಿದೂಗಿಸಲು ಸ್ನಾಯುಗಳು ಎಂಟರಷ್ಟು, ಅಂದರೆ 160 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು. ಇದರಲ್ಲಿ ಮುಂಡದ ತೂಕವನ್ನು ನಾವು ಸೇರಿಸಿಯೇ ಇಲ್ಲ! ಅದೇ ಭಾರವನ್ನು 20 ಸೆಂಟಿಮೀಟರಿಗೆ ತಂದರೆ 80 ಸಾಕು. ಕಬ್ಬಿಣದ ಸರಳು ಕಾಲಿಗೆ ಸವರುವಷ್ಟು ಹತ್ತಿರವಿರಲಿ ಎಂದು ತರಬೇತುದಾರರು ಗದರುವುದರ ಮರ್ಮವಿದು.

ಮೊದಲು ಬರಿಗೈ ಬಸ್ಕಿಯಲ್ಲಿ ಬೆನ್ನನ್ನು ಹದವಾಗಿ ನಿಲ್ಲಿಸಲು ಕಲಿಯಬೇಕು. ಹೊಟ್ಟೆಯ ಸ್ನಾಯುಗಳನ್ನೂ ಬಲಪಡಿಸಬೇಕು. ಬಳಿಕ, ತಿಳಿದವರ ಕಣ್ಣೆದುರಿನಲ್ಲಿ, 8ರಿಂದ 15 ಸಲ ಸರಾಗವಾಗಿ ಎತ್ತಬಲ್ಲಷ್ಟೇ ಭಾರ. ಅದು ಸುಲಭವೆನಿಸಿದಾಗ ನೂರಕ್ಕೆ ಹತ್ತನ್ನು ಮೀರದಂತೆ ಏರಿಸಬಹುದು. ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆನೆಂದು ಗೆಳೆಯರೆದುರು ಪಂಥ ಕಟ್ಟುವುದನ್ನು ಎಲುಬಿನ ಬೆಳವಣಿಗೆ ಮುಗಿಯುವವರೆಗೆ ಮುಂದೂಡುವುದೇ ಲೇಸೆಂದು ನಮ್ಮ ಮತ.

ಹಿಂದಕ್ಕೆ ಬಾಗಿದಾಗ ಸೊಂಟದಲ್ಲಿ ಕಾಣಿಸುವ ನೋವು ದಿನಗಳು ಕಳೆದರೂ ಹೋಗದಿದ್ದರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕಾಲು ಜೋಮು ಹಿಡಿಯುವುದು, ಬಲಗುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಮರುದಿನಕ್ಕೂ ಕಾಯಬಾರದು.