ಹರ್ಮನ್: ಒಂದು ಹೆಸರು, ಹಲವು ಬಾಳು

ಮನುಷ್ಯನಿಗೆ ಹೆಸರು ಎರಡು ದಾರಿಯಿಂದ ಬರುತ್ತದೆ: ಒಂದು, ತೊಟ್ಟಿಲಲ್ಲಿದ್ದಾಗ ಹಿರಿಯರು ಇಟ್ಟದ್ದು, ಇನ್ನೊಂದು, ಬಾಳಿ ತೋರಿಸಿದ ಮೇಲೆ ಜನ ಕೊಟ್ಟದ್ದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ್ದರೂ ಮನೆಮಾತಿನಲ್ಲಿ ಕನ್ನಡವನ್ನು ಉಳಿಸಿಕೊಂಡಿರುವ ಜತ್ತ ತಾಲ್ಲೂಕಿನ ಹಳ್ಳಿಗಳಿಗೆ ಈ ಎರಡೂ ದಾರಿಗಳು ಚೆನ್ನಾಗಿ ಗೊತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ಅಲ್ಲಿ ಇಂದಿಗೂ ಇದೆ. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ, ದಾನಗುಣದಿಂದ ಶರಣರ ಮೆಚ್ಚುಗೆ ಗಳಿಸಿ, ಬಸವಣ್ಣನವರಿಂದಲೇ ದಾನಮ್ಮ ಎಂದು ಕರೆಸಿಕೊಂಡಳೆಂದು ಭಕ್ತರು ನಂಬುವ ಗುಡ್ಡಾಪುರದ ದೇವಿಯ ಕಥೆಯೂ ಇದೆ. ಇದೇ ತಾಲ್ಲೂಕಿನ ಉಮದಿಯಲ್ಲಿ 1843ರಲ್ಲಿ ಹುಟ್ಟಿದ ಸಂತ, ಇಂಚಗೇರಿ ಸಂಪ್ರದಾಯದ ಮೂಲಪುರುಷ ಭಾವೂಸಾಹೇಬ ಮಹಾರಾಜರು ಊರಿನ ಹೆಸರಿಗೆ ಮರಾಠಿಯ ರೂಢಿಯಂತೆ ‘ಕರ’ ಸೇರಿಸಿಕೊಂಡು ಉಮದೀಕರರಾದರು, ಕನ್ನಡ ಮತ್ತು ಮರಾಠಿ ಸೀಮೆಗಳೆರಡರಲ್ಲೂ ಶಿಷ್ಯರನ್ನು ಪಡೆದರು. ಗಡಿನಾಡಿನಲ್ಲಿ ಹೆಸರು ಒಂದೇ ಭಾಷೆಯ ಸೊತ್ತಾಗಿ ಉಳಿಯುವುದಿಲ್ಲ.

ಅದೇ 1843ರಲ್ಲಿ, ಜತ್ತಕ್ಕೆ ಬಲು ದೂರದ ಮಂಗಳೂರಿನಲ್ಲಿ, ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದವರ ಹೆಸರು ಹರ್ಮನ್. ಜರ್ಮನಿಯಲ್ಲಿ ತಲೆತಲಾಂತರದಿಂದ ಬಂದ ಈ ಹೆಸರನ್ನು ಹೊತ್ತ ಹಲವರು ಇತಿಹಾಸದ ಬೇರೆ ಬೇರೆ ಕಾಲಗಳಲ್ಲಿ ಕಾಣಿಸಿಕೊಂಡಿದ್ದಾರೆ. ಅವರಲ್ಲಿ ಕನ್ನಡ ನಾಡಿಗೆ ಸೇರಿದವರು ಒಂದು ಸಣ್ಣ ಸಾಲಾದರೂ ಆ ಸಾಲಿನ ಕೆಲಸ ಸಣ್ಣದಲ್ಲ.

ಕಾಡಿನ ಕದನದಿಂದ ಗ್ರಂಥಾಲಯಕ್ಕೆ

ಹರ್ಮನ್ ಎಂಬುದು ಸೈನ್ಯ ಮತ್ತು ಮನುಷ್ಯ ಎಂಬ ಅರ್ಥದ ಎರಡು ಹಳೆಯ ಜರ್ಮನ್ ಪದಗಳು ಕೂಡಿ ಆದ ಹೆಸರು. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ವರೂಸನ ನಾಯಕತ್ವದ ಮೂರು ರೋಮನ್ ಲೀಜನ್‌ಗಳನ್ನು, ಅಂದರೆ ಸಾವಿರಾರು ಕಾಲಾಳುಗಳ ಮೂರು ದೊಡ್ಡ ದಂಡುಗಳನ್ನು, ನಾಶಮಾಡಿದ ಚೆರುಸ್ಕಿ ಬುಡಕಟ್ಟಿನ ನಾಯಕನನ್ನು ರೋಮನ್ ಲೇಖಕರು ಆರ್ಮಿನಿಯಸ್ ಎಂದು ಕರೆದಿದ್ದರು. ಹದಿನಾರನೆಯ ಶತಮಾನದ ಜರ್ಮನ್ ವಿದ್ವಾಂಸರು ಅವನನ್ನು ಹರ್ಮನ್ ಎಂದು ಕರೆಯತೊಡಗಿದ ಮೇಲೆ ಆ ಹೆಸರಿಗೆ ರಾಷ್ಟ್ರವೀರನ ಕಳೆ ಏರಿತು. ಡೆಟ್ಮೋಲ್ಡ್ ಪಟ್ಟಣದ ಬಳಿ 1838ರಲ್ಲಿ ಆರಂಭವಾಗಿ 1875ರಲ್ಲಿ ಮುಗಿದ, ಎತ್ತಿದ ಖಡ್ಗದ ಬೃಹತ್ ಪ್ರತಿಮೆ ಆ ಭಾವನೆಯ ಗುರುತು.

ಆದರೆ ಈ ಹೆಸರಿನ ಇನ್ನೊಂದು ಪರಂಪರೆಗೆ ಖಡ್ಗದ ನಂಟಿಲ್ಲ. ಕಾನ್‌ಸ್ಟನ್ಸ್ ಸರೋವರದ ರೈಷೆನೌ ದ್ವೀಪದ ಮಠದಲ್ಲಿ 1054ರವರೆಗೆ ಬಾಳಿದ ಹರ್ಮನ್ ಎಂಬ ಸನ್ಯಾಸಿ, ಅಂಗಾಂಗಗಳ ಶಕ್ತಿ ಉಡುಗಿದ್ದರೂ ಗಣಿತ, ಸಂಗೀತ, ಚರಿತ್ರೆಗಳ ಬಗ್ಗೆ ಗ್ರಂಥಗಳನ್ನು ಬರೆದನಲ್ಲದೆ, ನಕ್ಷತ್ರಗಳ ಎತ್ತರವನ್ನು ಅಳೆಯುವ ಆಸ್ಟ್ರೋಲೇಬ್ ಎಂಬ ಉಪಕರಣವನ್ನೂ ವಿವರಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಟೆಟಿನ್ ನಗರದ ಶಾಲಾ ಅಧ್ಯಾಪಕ ಹರ್ಮನ್ ಗ್ರಾಸ್‌ಮನ್, ತಮ್ಮ ಹೊಸ ಗಣಿತಕ್ಕೆ ಸಮಕಾಲೀನರು ಕಿವಿಗೊಡದಿದ್ದಾಗ ಸಂಸ್ಕೃತದತ್ತ ತಿರುಗಿ, ಇಂದಿಗೂ ವಿದ್ವಾಂಸರು ಬಳಸುವ ಋಗ್ವೇದ ನಿಘಂಟನ್ನು 1870ರ ದಶಕದಲ್ಲಿ ಪ್ರಕಟಿಸಿದರು. ಅವರಿಗಿಂತ ಕಿರಿಯರಾದ ಹರ್ಮನ್ ಯಾಕೋಬಿ 1873–74ರಲ್ಲಿ ಭಾರತದಲ್ಲಿ ಸಂಚರಿಸಿ, 1879ರಲ್ಲಿ ಜೈನರ ಕಲ್ಪಸೂತ್ರವನ್ನು ಸಂಪಾದಿಸಿ, ಜೈನಧರ್ಮವು ಬೌದ್ಧಧರ್ಮದ ಶಾಖೆಯಲ್ಲ, ಸ್ವತಂತ್ರವಾದ ಪ್ರಾಚೀನ ಧರ್ಮ ಎಂಬುದನ್ನು ಪಾಶ್ಚಾತ್ಯ ವಿದ್ವತ್ ಲೋಕಕ್ಕೆ ಆಧಾರಸಹಿತವಾಗಿ ತೋರಿಸಿಕೊಟ್ಟರು. ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಸೀಮೆಯಲ್ಲಿ ಶತಮಾನಗಳಿಂದ ಬೇಸಾಯ ಮಾಡಿಕೊಂಡು ಬಂದಿರುವ ಜೈನ ಕುಟುಂಬಗಳ ಧರ್ಮಕ್ಕೆ ಯುರೋಪಿನ ವಿದ್ವತ್ತಿನಲ್ಲಿ ಸಲ್ಲಬೇಕಾದ ಸ್ಥಾನ ದೊರೆತದ್ದರಲ್ಲಿ ಈ ಹರ್ಮನ್‌ನ ಪಾಲು ದೊಡ್ಡದು.

ಮಂಗಳೂರಿನ ಹರ್ಮನ್

ಕನ್ನಡಿಗರಿಗೆ ಎಲ್ಲರಿಗಿಂತ ಹತ್ತಿರದವರು ಹರ್ಮನ್ ಮೊಗ್ಲಿಂಗ್. ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನೆಲೆಗೊಂಡಿದ್ದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಪ್ರಚಾರಸಂಸ್ಥೆಯ ಪರವಾಗಿ ಅವರು 1836ರಲ್ಲಿ ಮಂಗಳೂರಿಗೆ ಬಂದರು. ಧರ್ಮಪ್ರಚಾರವೇ ಅವರ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಉದ್ದೇಶಕ್ಕಾಗಿ ಕಲಿತ ಭಾಷೆಯನ್ನು ಅವರು ಉದ್ದೇಶವನ್ನೂ ಮೀರಿ ಪ್ರೀತಿಸಿದರು. 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ, ಅಂದರೆ ನಯಗೊಳಿಸಿದ ಕಲ್ಲಿನ ಮೇಲೆ ಅಕ್ಷರಗಳನ್ನು ಬರೆದು ಕಾಗದಕ್ಕೆ ಒತ್ತುವ ವಿಧಾನದಲ್ಲಿ, ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕವನ್ನು ಪ್ರಕಟಿಸಿದರು. ಮರುವರ್ಷ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವಾಯಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ.

ಪತ್ರಿಕೆಗಿಂತಲೂ ಆಳವಾದ ಕೆಲಸ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯದು. ಕ್ಯಾಸಮೇಜರ್ ಎಂಬ ಬ್ರಿಟಿಷ್ ಅಧಿಕಾರಿಯ ಧನಸಹಾಯದಿಂದ 1848ರಲ್ಲಿ ಆರಂಭವಾದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಮೊದಲಾದವು ಅಚ್ಚಾದವು. ಓಲೆಗರಿಗಳಲ್ಲಿ, ಹಾಡುವವರ ನಾಲಿಗೆಯಲ್ಲಿ, ಮಠಗಳ ಕಟ್ಟುಗಳಲ್ಲಿ ಚದುರಿಹೋಗಿದ್ದ ಸಾಹಿತ್ಯವನ್ನು ಕಲೆಹಾಕಿ, ಓದು ಬಲ್ಲ ಯಾರ ಕೈಗಾದರೂ ತಲುಪಬಲ್ಲ ಪುಸ್ತಕವನ್ನಾಗಿ ಮಾಡಿದ ಈ ಶ್ರಮದ ಹಿರಿಮೆ ಬಸವಪುರಾಣವನ್ನು ಪೂಜ್ಯವೆಂದು ಭಾವಿಸುವ, ದಾಸರ ಪದಗಳನ್ನು ಭಜನೆಯಲ್ಲಿ ಹಾಡುವ ಗಡಿಯ ಹಳ್ಳಿಗಳಿಗೆ ವಿವರಿಸಿ ಹೇಳಬೇಕಾದದ್ದಲ್ಲ. ಕನ್ನಡಕ್ಕಾಗಿ ಮಾಡಿದ ಕೆಲಸವನ್ನು ಮನ್ನಿಸಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು.

ಮೊಗ್ಲಿಂಗರಂತೆಯೇ ಟ್ಯೂಬಿಂಗನ್‌ನಲ್ಲಿ ಓದಿ 1836ರಲ್ಲೇ ಭಾರತಕ್ಕೆ ಬಂದ ಅವರ ಗೆಳೆಯ ಹರ್ಮನ್ ಗುಂಡರ್ಟ್, ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಕ್ಕೆ ವ್ಯಾಕರಣವನ್ನೂ 1872ರಲ್ಲಿ ಮಹಾನಿಘಂಟನ್ನೂ ಕೊಟ್ಟರು. 1881ರಲ್ಲಿ ಮೊಗ್ಲಿಂಗ್ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆಯನ್ನು ಬರೆದವರೂ ಇವರೇ. ಗುಂಡರ್ಟರ ಮಗಳು ಮರೀ ಹುಟ್ಟಿದ್ದು ಮಲಬಾರಿನಲ್ಲಿ, ಆಕೆಯ ಎರಡನೆಯ ಪತಿ ಯೋಹಾನೆಸ್ ಹೆಸ್ಸೆ ಕೆಲಕಾಲ ದುಡಿದದ್ದು ಇದೇ ಪಶ್ಚಿಮ ಕರಾವಳಿಯಲ್ಲಿ. ಅವರ ಮಗ, ಅಜ್ಜನ ಹೆಸರನ್ನೇ ಹೊತ್ತ ಹರ್ಮನ್ ಹೆಸ್ಸೆ, 1922ರಲ್ಲಿ ‘ಸಿದ್ಧಾರ್ಥ’ ಕಾದಂಬರಿಯನ್ನು ಬರೆದು, 1946ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಭಾರತದ ಮುಖ್ಯ ಭೂಭಾಗದಲ್ಲಿ ಬದುಕದ ಮೊಮ್ಮಗನಿಗೆ ಭಾರತವು ಅಜ್ಜನ ಮನೆಯ ಪುಸ್ತಕಗಳಿಂದ, ಮಾತುಕತೆಯಿಂದ ದೊರೆಯಿತು.

ಹರ್ಮನ್ ಆನಂದರಾವ್ ಕೌಂಡಿನ್ಯ

ಈ ಸಾಲಿನಲ್ಲಿ ಕನ್ನಡ ಓದುಗರ ನೆನಪಿಗೆ ಕಡಿಮೆ ಬರುವ, ಆದರೆ ಹೆಚ್ಚು ಬರಬೇಕಾದ ಒಬ್ಬರಿದ್ದಾರೆ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯ, ಮೊಗ್ಲಿಂಗರ ಪ್ರಭಾವಕ್ಕೆ ಒಳಗಾಗಿ 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದಾಗ ಗುರುವಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಸೇರಿಸಿಕೊಂಡರು. ಈ ಮತಾಂತರದಿಂದ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಹುಟ್ಟಿದ ಮನೆಗೂ ಸಮುದಾಯಕ್ಕೂ ಅದು ನೋವಿನ ಸಂಗತಿಯಾಗಿತ್ತೆಂಬುದನ್ನು ಕಡೆಗಣಿಸಿ ಅವರ ಬಾಳನ್ನು ಹೇಳುವುದು ನ್ಯಾಯವಾಗದು. ಅವರು ಮೊಗ್ಲಿಂಗರೊಡನೆ ಯುರೋಪಿಗೆ ತೆರಳಿ, 1846ರಿಂದ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಹಿಂದಿರುಗಿ, ಮಂಗಳೂರಿನ ಧರ್ಮಶಿಕ್ಷಣ ಶಾಲೆಯಲ್ಲಿ ಹಲವು ವರ್ಷ ಪಾಠ ಹೇಳಿದರು. ಮುಂದೆ ಜರ್ಮನಿಯ ಹೆಣ್ಣುಮಗಳೊಬ್ಬಳನ್ನು ಮದುವೆಯಾದರು. ಅವರು ಹೊಸ ಹೆಸರನ್ನು ಹೊತ್ತರೂ ಹಳೆಯದನ್ನು ಅಳಿಸಲಿಲ್ಲ: ತಂದೆತಾಯಿ ಇಟ್ಟ ಆನಂದರಾವ್ ಎಂಬುದೂ ಋಷಿಮೂಲವನ್ನು ಹೇಳುವ ಕೌಂಡಿನ್ಯ ಎಂಬುದೂ ಹರ್ಮನ್ ಎಂಬುದರ ಜೊತೆಗೆ ಕೊನೆಯವರೆಗೂ ಉಳಿದವು.

ಕೌಂಡಿನ್ಯರು ತೀರಿಕೊಂಡದ್ದು 1893ರಲ್ಲಿ. ಗುಂಡರ್ಟರು ತೀರಿಕೊಂಡದ್ದೂ ಅದೇ ವರ್ಷ. ಮುಂದೆ ಹಿಟ್ಲರನ ಬಲಗೈಯಾಗಿ ಯಹೂದಿಗಳ ಸಂಹಾರಕ್ಕೆ ಹೊಣೆಗಾರನಾದ ಹರ್ಮನ್ ಗೋರಿಂಗ್ ಹುಟ್ಟಿದ್ದೂ ಅದೇ ವರ್ಷ. ಇನ್ನೊಂದೆಡೆ, ಯಹೂದಿಯೇ ಆಗಿದ್ದ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕ್ 1910ರಲ್ಲಿ ದಕ್ಷಿಣ ಆಫ್ರಿಕದ ಜೊಹಾನೆಸ್‌ಬರ್ಗ್ ಬಳಿಯ ತಮ್ಮ ಜಮೀನನ್ನು ಸತ್ಯಾಗ್ರಹಿಗಳ ವಾಸಕ್ಕೆ ಬಿಟ್ಟುಕೊಟ್ಟು, ಅಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎಂಬ ಆಶ್ರಮವನ್ನು ಕಟ್ಟುವುದರಲ್ಲಿ ಗಾಂಧೀಜಿಯ ಒಡನಾಡಿಯಾದರು. ಹೆಸರು ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ, ಕೆಟ್ಟವರನ್ನಾಗಿಯೂ ಮಾಡುವುದಿಲ್ಲ. ಅದನ್ನು ಹೊತ್ತವರ ನಡತೆಯೇ ಅದಕ್ಕೆ ಮಾನವನ್ನೋ ಕಳಂಕವನ್ನೋ ತರುತ್ತದೆ.

ಆದ್ದರಿಂದ ಕನ್ನಡದ ಚರಿತ್ರೆಯಲ್ಲಿ ಹರ್ಮನ್ ಎಂಬ ಹೆಸರಿಗೆ ಸಲ್ಲುವ ಗೌರವವು ಜರ್ಮನಿಗೆ ಸಲ್ಲುವ ಗೌರವವಲ್ಲ, ಪರರ ನುಡಿಯನ್ನು ತಮ್ಮದಾಗಿಸಿಕೊಂಡು ಅದಕ್ಕಾಗಿ ದುಡಿದ ಬಾಳಿಗೆ ಸಲ್ಲುವ ಗೌರವ. ಮೊಗ್ಲಿಂಗರನ್ನು ಪತ್ರಿಕಾ ದಿನದಂದು ನೆನೆಯುವ ನಾಡು, ಅವರ ಹೆಸರನ್ನು ಪಡೆದು ಎರಡು ಲೋಕಗಳ ನಡುವಿನ ಕಷ್ಟವನ್ನು ಸ್ವತಃ ಅನುಭವಿಸಿದ ಕೌಂಡಿನ್ಯರನ್ನೂ ಅವರ ಪಕ್ಕದಲ್ಲಿಯೇ ನಿಲ್ಲಿಸಿ ನೋಡಬೇಕು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬಂತೆ ಎರಡು ಭಾಷೆಗಳ ನಡುವೆ ದಿನವೂ ಓಡಾಡುತ್ತ, ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ಜತ್ತದಂಥ ಗಡಿ ತಾಲ್ಲೂಕುಗಳ ಪಠ್ಯದಲ್ಲಿ ಇಂಥವರ ಬಾಳಿಗೆ ಒಂದು ಪಾಠದಷ್ಟಾದರೂ ಜಾಗ ದೊರೆತರೆ, ಇನ್ನೊಂದು ಭಾಷೆಯನ್ನು ಒಲಿಸಿಕೊಳ್ಳುವುದಕ್ಕಾಗಿ ತನ್ನದನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬ ಧೈರ್ಯ ಅಲ್ಲಿನ ಮಕ್ಕಳಿಗೆ ಬರುತ್ತದೆ.